ಕುಜನ ಹೋರೆಯಲ್ಲಿ ಅರ್ಧ ಗಡ್ಡ

ಪೋಸ್ಟ್ ಮಾಸ್ತರರಿಗೆ ಮೇಲಧಿಕಾರಿಗಳೆಂದರೆ ಭಯ, ಹೆಂಡತಿಯೆಂದರೆ ಭಯ, ಎಲ್ಲಕ್ಕಿಂತ ಹೆಚ್ಚಾಗಿ ಕುಜನೆಂದರೆ ಭಯ. ದಿನದ ಒಂದೊಂದು ಗಂಟೆಯನ್ನೂ ಒಂದೊಂದು ಗ್ರಹ ಆಳುತ್ತದೆ, ಅದಕ್ಕೆ ಹೋರೆ ಎನ್ನುತ್ತಾರೆ ಎಂದು ಎಲ್ಲೋ ಕೇಳಿಬಂದ ಮೇಲೆ, ಅವರ ಮನೆಯಲ್ಲಿ ಗ್ರಹಗಳ ಅಪ್ಪಣೆಯಿಲ್ಲದೆ ಚಹಾ ಕೂಡ ಕುದಿಯುತ್ತಿರಲಿಲ್ಲ. ಬುಧನ ಹೋರೆಯಲ್ಲಿ ಪತ್ರಿಕೆ, ಶುಕ್ರನ ಹೋರೆಯಲ್ಲಿ ಇಸ್ತ್ರಿ. ಶನಿಯ ಹೋರೆಯಲ್ಲಿ ಯಾರಾದರೂ ಬಾಗಿಲು ತಟ್ಟಿದರಂತೂ ಮಾಸ್ತರರು ಉಸಿರು ಬಿಗಿಹಿಡಿದು ಮಂಚದ ಕೆಳಗೆ ಚಪ್ಪಲಿ ಹುಡುಕತೊಡಗುತ್ತಿದ್ದರು.

"ಅಮ್ಮ ಬಂದು ಸ್ವಲ್ಪ ದಿನ ಇದ್ದು ಹೋಗ್ಲಿ ಅಂದ್ರೆ ಮಾತ್ರ ನಿಮಗೆ ಒಂದು ಹೋರೆನೂ ಸಿಗಲ್ಲ, ಅಲ್ವಾ?" ಎಂದು ಹೆಂಡತಿ ಸಿಡಿಯುತ್ತಿದ್ದಳು.

"ನಾನೇನು ಮಾಡ್ಲಿ ಕಣೇ? ಗ್ರಹಗಳು ಒಪ್ಪಬೇಕಲ್ಲ!"

(ಅತ್ತೆಯ ವಿಷಯದಲ್ಲಿ ಸಮಸ್ತ ಗ್ರಹಮಂಡಲವೂ ಮಾಸ್ತರರ ಪಕ್ಷಕ್ಕೆ ಸೇರಿತ್ತು.)

ಆ ಗುರುವಾರ ಕಚೇರಿಯ ತಪಾಸಣೆಗೆ ದೊಡ್ಡ ಸಾಹೇಬರು ಬರುವವರಿದ್ದರು. ಗಡ್ಡ ಬಿಟ್ಟ ನೌಕರರನ್ನು ಕಂಡರೆ ಉರಿದುಬೀಳುವ ಮನುಷ್ಯ. ಯಾರನ್ನೋ ಅದೇ ಕಾರಣಕ್ಕೆ ಎತ್ತಂಗಡಿ ಮಾಡಿದ್ದರಂತೆ. ಮಾಸ್ತರರು ಎದ್ದವರೇ ಗುರುವಿನ ಹೋರೆ ಹಿಡಿದು ಸಲೂನಿಗೆ ಓಡಿದರು. ಕ್ಷೌರಿಕ ಬಲಗೆನ್ನೆಯನ್ನು ನುಣ್ಣಗೆ ಮಾಡಿದ. ಎಡಗೆನ್ನೆಗೆ ನೊರೆ ಬಳಿದು, ಗೋಡೆಯ ಗಡಿಯಾರದತ್ತ ನೋಡಿ, ತಟ್ಟನೆ ಕತ್ತಿ ಮಡಿಚಿಟ್ಟ.

"ಯಾಕಯ್ಯಾ ನಿಲ್ಲಿಸಿದೆ?"

"ಕುಜನ ಹೋರೆ ಶುರುವಾಯ್ತು ಸಾರ್. ಈ ಹೊತ್ತಲ್ಲಿ ಕತ್ತಿ ಹಿಡಿದ್ರೆ ಅದು ರಕ್ತ ನೋಡದೆ ಬಿಡಲ್ಲ ಅಂತ ನೀವೇ ಅಲ್ವಾ ಹೇಳಿದ್ದು? ಅವತ್ತಿಂದ ನನಗೆ ಸರಿಯಾಗಿ ನಿದ್ದೆನೇ ಇಲ್ಲ."

"ಅದು... ಬೇರೆಯವರಿಗೆ ಹೇಳಿದ್ದು ಕಣಯ್ಯಾ!"

"ನಿಮ್ಮ ಕುತ್ತಿಗೆ ಮೇಲೆ ನನಗೆ ಗೌರವ ಇದೆ ಸಾರ್. ಏಳಿ."

ಅರ್ಧ ಮುಖ ನೊರೆ, ಹೆಗಲ ಮೇಲೆ ಸಲೂನಿನ ಟವೆಲು. ಬೀದಿಯ ಜನ ನೋಡುತ್ತಿದ್ದಂತೆಯೇ ಮಾಸ್ತರರು ಮನೆಗೆ ಓಡಿಬಂದರು. ಮನೆಯಲ್ಲಿದ್ದದ್ದು ಅಪ್ಪನ ಕಾಲದ ಉದ್ದನೆಯ ಕ್ಷೌರದ ಕತ್ತಿಯೊಂದೇ. ಅದನ್ನು ಬಿಚ್ಚಿ ಕನ್ನಡಿಯ ಮುಂದೆ ನಿಂತರೆ, ರಕ್ತ ನೋಡದೆ ಬಿಡಲ್ಲ ಎಂಬ ತಮ್ಮದೇ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಕತ್ತಿಯನ್ನು ಎರಡು ಸಲ ಕೆನ್ನೆಯವರೆಗೆ ಒಯ್ದು, ಎರಡು ಸಲವೂ ಕೆಳಗಿಳಿಸಿದರು. ಸಾಹೇಬರು ಬರುವ ಹೊತ್ತು ಬೇರೆ ಹತ್ತಿರವಾಗುತ್ತಿತ್ತು.

"ಕೊಡಿ ಇಲ್ಲಿ," ಎಂದಳು ಹೆಂಡತಿ.

ಮಾಸ್ತರರು ಸ್ಟೂಲಿನ ಮೇಲೆ ಕುಳಿತು ಕಣ್ಣು ಮುಚ್ಚಿದರು. ತಣ್ಣನೆಯ ಅಲಗು ಗಂಟಲಿಗೆ ತಾಗಿತು.

"ಅಲ್ಲಾ ರೀ," ಎಂದಳು ಅವಳು ಮೆತ್ತಗೆ. ಅವಳು ಕೂಗಾಡಿದರೆ ಮಾಸ್ತರರು ಹೇಗೋ ತಡೆದುಕೊಂಡಾರು. ಮೆತ್ತಗೆ ಮಾತಾಡಿದರೆ ಮಾತ್ರ ಅವರ ಜೀವ ಬಾಯಿಗೆ ಬರುತ್ತಿತ್ತು. "ಅಮ್ಮ ಯಾವ ಹೋರೆಯಲ್ಲಿ ಬರಬಹುದು?"

ಉಗುಳು ನುಂಗುವುದಕ್ಕೂ ಧೈರ್ಯವಿಲ್ಲ. ತುಟಿ ಅಲ್ಲಾಡಿಸದೆಯೇ ಹೇಳಿದರು: "ಯಾವುದರಲ್ಲಾದ್ರೂ."

"ಶನಿ ಹೋರೆಯಲ್ಲೂ?"

"ಶನಿ... ಪಾಪ, ಒಳ್ಳೆಯವನೇ."

"ಎಷ್ಟು ದಿನ ಇರಬಹುದು?" ಕತ್ತಿ ಇದ್ದಲ್ಲೇ ನಿಂತಿತು.

"ಅಯ್ಯೋ, ಇದು ಅವರ ಮನೆ ಕಣೇ! ನಾವೇ ಬಂದು ಸೇರ್ಕೊಂಡಿರೋದು."

ಕತ್ತಿ ಸರಸರನೆ ಸರಿಯಿತು. ಒಂದು ಹನಿ ರಕ್ತ ಬರಲಿಲ್ಲ! ಬದುಕಿದೆಯಾ ಬಡಜೀವವೇ ಎಂದು ಮಾಸ್ತರರು ಕಣ್ಣು ತೆರೆಯುವಷ್ಟರಲ್ಲಿ ಹೆಂಡತಿ ಒಳಕೋಣೆಯತ್ತ ತಿರುಗಿ ಕೂಗಿದಳು.

"ಅಮ್ಮಾ, ಕೇಳಿಸ್ತಾ? ಇನ್ನು ಈಚೆ ಬಾ."

ಅಳಿಯ ಸಲೂನಿಗೆ ಹೋದ ಹೊತ್ತಿನಲ್ಲೇ ಬೆಳಗಿನ ಬಸ್ಸಿನಿಂದಿಳಿದು, ಎರಡು ಪೆಟ್ಟಿಗೆಗಳೊಂದಿಗೆ ಒಳಗೆ ಕೂತಿದ್ದ ಅತ್ತೆಯವರು ನಿಧಾನವಾಗಿ ಹೊರಬಂದರು. ಬಗ್ಗಿ ಅಳಿಯನ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಇದೇನೇ, ಕಿವಿ ಕೆಳಗೆ ಇನ್ನೂ ಉಳಿಸಿಬಿಟ್ಟಿದ್ದೀಯಲ್ಲ! ಕೊಡು ಆ ಕತ್ತಿ. ಅಳಿಯಂದ್ರೇ, ಸ್ವಲ್ಪನೂ ಅಲ್ಲಾಡಬೇಡಿ. ಈಚೆಗೆ ನನ್ನ ಕೈ ತಾನಾಗೇ ನಡುಗುತ್ತೆ."

ಹಾಗೆಂದು ಅವರು ಮಂಜು ಕವಿದಿದ್ದ ಕನ್ನಡಕವನ್ನು ತೆಗೆದು ಬದಿಗಿಟ್ಟು, ಮಾಸ್ತರರ ಕಿವಿ ಹಿಡಿದರು.