ಬ್ಯಾರನ್ ನೋಡಲು ಹೋದ ಅಮ್ಮನ ಮುಯ್ಯಿ

ಅಮ್ಮನನ್ನು ಕಟ್ಟಿಕೊಂಡು ಎಲ್ಲಿಗೇ ಹೋಗಲಿ, ನನ್ನ ಎದೆ ಧಸಕ್ಕೆನ್ನುವುದು ಮಾತ್ರ ತಪ್ಪಿದ್ದಲ್ಲ. ಹುಣಸೂರಿನ ಕಡೆಯ ಹೆಂಗಸು, ಮುಕ್ಕಾಲು ಆಯಸ್ಸು ಹೊಗೆಸೊಪ್ಪು ಬೆಳೆದೇ ಕಳೆದವಳು. ಆರು ತಿಂಗಳು ಇದ್ದು ಹೋಗ್ತೀನಿ ಅಂತ ನೈರೋಬಿಗೆ, ಸೌತ್ ಸಿ ಬಡಾವಣೆಯ ನಮ್ಮ ಮನೆಗೆ ಬಂದಿದ್ದಳು. ಆ ಆರು ತಿಂಗಳಲ್ಲಿ ನನಗೆ ಆದ ಶಾಕ್‌ಗಳಲ್ಲಿ ಇವು ನಾಲ್ಕು.

ಒಂದು: ‘ಮನೆಯವರನ್ನೂ ಕರೆತನ್ನಿ’

ನಾನು ಪ್ಲಾಸ್ಟಿಕ್ ಬಕೆಟ್ ಮಾಡುವ ಕಾರ್ಖಾನೆಯ ಮ್ಯಾನೇಜರ್. ನಮ್ಮ ಗುಜರಾತಿ ಮಾಲೀಕರು ತೈವಾನಿನಿಂದ ಹೊಸ ಮಿಷಿನ್ ತರಿಸಲು ಹೊರಟಿದ್ದರು. ಮಾರುವಾತ, ಅಂದರೆ ನಮ್ಮ ಮಿಷಿನ್ ಸಾಹೇಬ, ಫೋನಿನಲ್ಲಿ, “ಹಡಗು ಹತ್ತಿಸೋ ಮುಂಚೆ ಬಂದು ನೋಡಿ, ಮನೆಯವರನ್ನೂ ಕರೆತನ್ನಿ” ಅಂದ. ಬಾಯಿಮಾತಿನ ಉಪಚಾರ ಅಷ್ಟೆ. ಹೆಂಡತಿ ಮಗನ ಪರೀಕ್ಷೆ ಅಂತ ಒಲ್ಲೆ ಅಂದಳು.

“ಮನೆಯವರು ಅಂದ್ರೆ ನಾನೂ ತಾನೇ?” ಅಂದಳು ಅಮ್ಮ.

ತಮಾಷೆ ಅಂದುಕೊಂಡೆ. ಒಳಗೆ ಹೋಗಿ ನೋಡಿದರೆ ಚಟ್ನಿಪುಡಿ ಕಟ್ಟಿ ಆಗಿತ್ತು! ತೈವಾನಿನ ಏರ್‌ಪೋರ್ಟಿನಲ್ಲಿ ಹೂಗುಚ್ಛ ಹಿಡಿದು ನಿಂತಿದ್ದ ಸಾಹೇಬ ಮಂಕಿ ಟೋಪಿ, ಸೀರೆ, ಸ್ವೆಟರಿನ ಅಮ್ಮನನ್ನು ನೋಡಿ ಕಕ್ಕಾಬಿಕ್ಕಿಯಾದ. ಹೂಗುಚ್ಛ ಇಸ್ಕೊಂಡ ಅಮ್ಮ ಒಂದು ಹೂ ಕಿತ್ತು ಮುಡಿದುಕೊಂಡಳು.

ಎರಡು: ಹಿತ್ತಿಲ ವಸ್ತು

ಭಾನುವಾರ ಸಾಹೇಬ ನಮ್ಮನ್ನು ತನ್ನೂರಿಗೆ ಕರೆದೊಯ್ದ. ಹಕ್ಕಾ ಎಂಬ ಚೀನೀ ಜನರ ಹಳ್ಳಿ. ಅಲ್ಲಿನ ಹಳೇ ಕಟ್ಟಡಗಳನ್ನು ನೋಡಲು ದೂರದೂರದವರು ಬರುತ್ತಾರಂತೆ. ದಾರಿಯುದ್ದಕ್ಕೂ ಹೊಗಳಿದ, “ನೀವು ಜನ್ಮದಲ್ಲಿ ಇಂಥದ್ದು ಕಂಡಿರಲ್ಲ” ಅಂತ.

ಕಾರಿಳಿದ ಅಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಎತ್ತರದ ಮಣ್ಣಿನ ಗೋಡೆ, ಸೂರಿನ ಮೇಲೆ ಬಿಸಿಗಾಳಿ ಹೋಗಲು ಇನ್ನೊಂದು ಪುಟ್ಟ ಸೂರು.

“ಲೋ, ಇದು ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಕಣೋ! ಇದನ್ನ ನೋಡೋಕೆ ವಿಮಾನ ಹತ್ತಬೇಕಿತ್ತಾ? ನಮ್ಮ ಹಿತ್ತಿಲಲ್ಲೇ ಎರಡಿತ್ತಲ್ಲ!”

ಒಂದು ಬ್ಯಾರನ್ನನ್ನು ಕಾಫಿ ಹೋಟೆಲು ಮಾಡಿದ್ದರು. ಸೌದೆ ತುಂಬುವ ಒಲೆಬಾಯಿಯ ಎದುರಿಗೇ ಮೇಜು. ಅಲ್ಲಿ ಕೂತವರನ್ನು ನೋಡಿ ಅಮ್ಮ ಹೌಹಾರಿದಳು. “ಅಯ್ಯೋ, ಬೆಂಕಿ ಹಾಕಿದ್ರೆ ಈ ಮಕ್ಕಳ ಪ್ಯಾಂಟು ಸುಟ್ಟುಹೋಗಲ್ವೇನೋ? ಏಳ್ರೋ, ಏಳ್ರೋ!” ಅವರು ಕಪ್ಪು ಹಿಡಿದುಕೊಂಡೇ ಎದ್ದರು.

“ಏನಂದರು?” ಅಂತ ಸಾಹೇಬ ಕೇಳಿದ.

“ತುಂಬಾ ಚೆನ್ನಾಗಿದೆ ಅಂದರು” ಅಂದೆ.

ಮೂರು: ಒಂದು ಬೆರಳು

ಊರಲ್ಲಿ ಸೊಪ್ಪು ಬೆಳೆಯುವವರು ಬೆರಳೆಣಿಕೆಯಷ್ಟು ಮಂದಿ ಉಳಿದಿದ್ದರು, ಅವರಲ್ಲಿ ಸಾಹೇಬನ ತಾಯಿಯೂ ಒಬ್ಬಳು. ಅಂಗಳದಲ್ಲಿ ಕೂತು ಒಬ್ಬಳೇ ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದಳು. ಕಂಡದ್ದೇ ತಡ, ಅಮ್ಮ ಸೆರಗು ಸಿಕ್ಕಿಸಿ ಪಕ್ಕದಲ್ಲಿ ಕೂತೇಬಿಟ್ಟಳು! ನಾವು ಅತಿಥಿಗಳು, ಮಾನ ಹೋಯಿತಲ್ಲ ಅಂತ ನಾನು ಒದ್ದಾಡಿದೆ.

ಇವಳದು ಕನ್ನಡ, ಆ ಅಜ್ಜಿಯದು ಹಕ್ಕಾ. ಸಂಜೆವರೆಗೂ ಇಬ್ಬರ ಬಾಯಿಯೂ ನಿಲ್ಲಲಿಲ್ಲ. ಅಮ್ಮ ಕಟ್ಟಿದ ಗಂಟನ್ನು ಅಜ್ಜಿ ಬಿಚ್ಚಿ ಕಟ್ಟುವುದು, ಅಜ್ಜಿಯ ಗಂಟನ್ನು ಅಮ್ಮ ಬಿಚ್ಚಿ ಕಟ್ಟುವುದು. ಕೊನೆಗೆ ಅಜ್ಜಿ ಒಂದು ಬೆರಳೆತ್ತಿ ಅಮ್ಮನತ್ತ ತೋರಿಸಿ, ಆಮೇಲೆ ಮಗನ ಎದೆಗೆ ತಿವಿದಳು. ಸಾಹೇಬನ ಮುಖ ಬಿಳುಚಿಕೊಂಡಿತು.

“ನಮ್ಮೂರ ಪದ್ಧತಿ. ನಮ್ಮನೆಗೆ ಒಂದು ದಿನ ದುಡಿದವರಿಗೆ ನಾವೂ ಒಂದು ದಿನ ದುಡಿಯಬೇಕು. ನಾನೇ ತೀರಿಸಬೇಕಂತೆ” ಅಂದ.

ನಾನು ಕನ್ನಡದಲ್ಲಿ ಹೇಳುವಷ್ಟರಲ್ಲಿ ಅಮ್ಮ, “ಮುಯ್ಯಾಳು ತಾನೇ? ನನಗೆ ಹೇಳಿಕೊಡ್ತೀಯಾ? ಬೇಕಾದಾಗ ಕೇಳ್ತೀನಿ ಅನ್ನು” ಅಂದಳು.

ನಾನು ಬಿದ್ದುಬಿದ್ದು ನಕ್ಕೆ. ನಕ್ಕಿದ್ದು ಅದೇ ಕೊನೆ.

ನಾಲ್ಕು: ಮುಯ್ಯಿ ತೀರಿತು

ಮಿಷಿನ್ ನೈರೋಬಿಗೆ ಬಂತು. ಬಕೆಟ್ಟುಗಳೂ ಬಂದವು, ತಳವೇ ಇಲ್ಲದೆ! ಒಂದು ತಿಂಗಳು ತಿಣುಕಾಡಿದೆವು. ಸಾಹೇಬನಿಗೆ ಫೋನ್ ಮಾಡಿದರೆ “ಮುಂದಿನ ತಿಂಗಳು” ಅನ್ನುತ್ತಿದ್ದ. ಮಾಲೀಕರು ನನ್ನನ್ನು ಕರೆದು, “ಈ ವಾರ ಬಕೆಟ್ಟಿಗೆ ತಳ ಬರಬೇಕು, ಇಲ್ಲಾಂದ್ರೆ ನೀನು ಇಂಡಿಯಾದ ವಿಮಾನ ಹತ್ತು” ಅಂದರು. ಮನೆಗೆ ಬಂದು ತಲೆ ಮೇಲೆ ಕೈಹೊತ್ತು ಕೂತೆ.

“ಅವನಮ್ಮಂಗೆ ಫೋನ್ ಹಚ್ಚು” ಅಂದಳು ಅಮ್ಮ. ಹತ್ತು ನಿಮಿಷ ಕನ್ನಡದಲ್ಲೇ ಜೋರುಜೋರಾಗಿ ಮಾತಾಡಿದಳು. ಆ ಕಡೆಯಿಂದಲೂ ಅಷ್ಟೇ ಜೋರು.

ನಾಲ್ಕನೇ ದಿನ ಸಾಹೇಬ ಟೂಲ್ ಬಾಕ್ಸ್ ಸಮೇತ ಏರ್‌ಪೋರ್ಟಿನಲ್ಲಿದ್ದ! ನನಗೆ ಅಳುವೇ ಬಂತು. ಚೀಲ ಇಟ್ಟು ಫ್ಯಾಕ್ಟರಿಗೆ ಹೊರಡೋಣ ಅಂತ ಮನೆಗೆ ಕರೆತಂದರೆ, ನಡುಮನೆಯಲ್ಲಿ ನೆನೆಹಾಕಿದ ಅವರೆಕಾಳು, ದೊಡ್ಡ ದೊಡ್ಡ ಎರಡು ಪಾತ್ರೆ ತುಂಬ. ತರಕಾರಿ ಮಾರುವವಳಿಂದ ಅಮ್ಮ ಮೂಟೆಗಟ್ಟಲೆ ತರಿಸಿದ್ದಳು.

“ಮಿಷಿನ್ ನಾಳೆ. ಮುಯ್ಯಿ ಇವತ್ತು. ಅವನನ್ನ ಹಿದುಕೋಕೆ ಕೂರಿಸು.”

“ಅಮ್ಮಾ, ನನ್ನ ಕೆಲಸ ಹೋಗುತ್ತಮ್ಮಾ!”

ಸಾಹೇಬ ಆಗಲೇ ಬೂಟು ಬಿಚ್ಚಿದ್ದ. “ಮೊದಲು ಆ ಕೆಲಸ, ಆಮೇಲೆ ಮಿಷಿನ್ ಅಂತ ನಮ್ಮಮ್ಮನ ಆರ್ಡರ್” ಅಂತ ಮಣೆಯ ಮೇಲೆ ಕೂತು ಕಾಳು ಚಿಮ್ಮಿಸತೊಡಗಿದ. ಮೊದಲ ಕಾಳು ನನ್ನ ಕನ್ನಡಕಕ್ಕೇ ಬಡಿಯಿತು. “ಗ್ರ್ಯಾನಿ ಈಸ್ ದ ಬೆಸ್ಟ್!” ಅಂದ ನನ್ನ ಮಗ.

ಮಧ್ಯಾಹ್ನ ಮಾಲೀಕರು ಕೆಂಡಾಮಂಡಲವಾಗಿ ಬಂದರು. “ಎಲ್ಲಿ ಅವನು?” ಅಂತ ನುಗ್ಗಿದವರು ಕಾಳಿನ ರಾಶಿ ಕಂಡು ನಿಂತುಬಿಟ್ಟರು. “ಅರೆ, ಇದು ನಮ್ಮ ಕಡೆಯ ವಾಲ್ ಕಾಳು! ನಮ್ಮ ಬಾ ಮಾಡ್ತಿದ್ದರು...” ಅಂತ ತಮ್ಮ ತಾಯಿಯನ್ನು ನೆನೆದು ದನಿ ಇಳಿಸಿದರು. ಅಮ್ಮ ಇನ್ನೊಂದು ಮಣೆ ತಳ್ಳಿದಳು. ಮಾಲೀಕರು ಟೈ ಸಡಿಲಿಸಿ ಕೂತರು! ಸಂಜೆವರೆಗೂ ಹಿದುಕಿ, ಸಾರು ಹೊಡೆದು, ತೇಗಿ ಹೋದರು.

ಮರುದಿನ ಸಾಹೇಬ ಅರ್ಧ ಗಂಟೆಯಲ್ಲಿ ಮಿಷಿನ್ ಸರಿಮಾಡಿದ. ಬಕೆಟ್ಟಿಗೆ ತಳ ಬಂತು, ನನ್ನ ಕೆಲಸ ಉಳಿಯಿತು. ಅಬ್ಬಾ ಅಂತ ಉಸಿರುಬಿಟ್ಟು ಸೋಮವಾರ ಫ್ಯಾಕ್ಟರಿಗೆ ಹೋದರೆ, ಹೊಸ ಮಿಷಿನ್ ಪಕ್ಕದಲ್ಲಿ ಸೆರಗು ಸಿಕ್ಕಿಸಿ ಅಮ್ಮ ಕೂತಿದ್ದಾಳೆ, ಬಕೆಟ್ಟಿಗೆ ಹಿಡಿ ಸಿಕ್ಕಿಸುತ್ತಾ! ಮಟಾಟು ವ್ಯಾನು ಹತ್ತಿ ನನಗಿಂತ ಮುಂಚೆ ಬಂದಿದ್ದಳು.

“ಅಮ್ಮಾ! ಇದೇನಿದು?”

“ನಿಮ್ಮ ಯಜಮಾನ್ರು ನಮ್ಮನೇಲಿ ಸಂಜೆವರೆಗೂ ದುಡಿದ್ರಲ್ಲೋ. ಆ ಮುಯ್ಯಿ ಯಾರು ತೀರಿಸ್ತಾರೆ?”

ಹಿಂದಿನಿಂದ ಮಾಲೀಕರು ಬಂದು ಅಮ್ಮನ ಕೈಯ ವೇಗವನ್ನೇ ನೋಡುತ್ತಾ ನಿಂತರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, “ಇಂಡಿಯಾದ ವಿಮಾನಕ್ಕೆ ಇವರ ಬದಲು ನಿನ್ನನ್ನು ಹತ್ತಿಸಿದರೆ ಆಗುತ್ತಾ?”