ಟಟಲ್ ಬೇಡವೆಂದ ಹುಡುಗ

ಮೂರನೇ ಮಹಡಿಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳದೆ ಇದ್ದಿದ್ದರೆ ವೆಂಡೆಲ್ ಟಟಲ್ ನಿವೃತ್ತಿಯ ತನಕ ನೆಮ್ಮದಿಯಾಗಿ ಇರುತ್ತಿದ್ದ. ಅದು ಸಿಕ್ಕಿಕೊಂಡಿತು. ಅದೂ ಬೇರೆ ಯಾವ ದಿನವೂ ಅಲ್ಲ, ಏಪ್ರಿಲ್ ಕೊನೆಯ ಗುರುವಾರ. ಕಾಲೇಜು ಆಟ ಮುಗಿಸಿದ ಅಮೆರಿಕನ್ ಫುಟ್‌ಬಾಲ್ ಹುಡುಗರನ್ನು ದೇಶದ ವೃತ್ತಿಪರ ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುವ ದಿನ.

ಬಾಯ್ಸಿ ಬ್ಯಾಜರ್ಸ್ ತಂಡಕ್ಕೆ ಹುಡುಗರನ್ನು ನೋಡಿ ಬರುವುದು ವೆಂಡೆಲನ ಕೆಲಸ. ಹತ್ತೊಂಬತ್ತು ವರ್ಷದಿಂದ ಅವನು ನೋಡುತ್ತಿದ್ದದ್ದು ಕ್ವಾರ್ಟರ್‌ಬ್ಯಾಕ್‌ಗಳನ್ನು ಮಾತ್ರ. ನೂರೈವತ್ತು ಕೇಜಿಯ ನಾಲ್ಕು ಜನ ಮೈಮೇಲೆ ಬೀಳಲೆಂದೇ ಓಡಿಬರುತ್ತಿರುವಾಗ, ಚೆಂಡನ್ನು ಯಾರಿಗೆ ಎಸೆಯುವುದೆಂದು ಎರಡೂವರೆ ಸೆಕೆಂಡಿನಲ್ಲಿ ತೀರ್ಮಾನಿಸಬೇಕಾದ ಬಡಪಾಯಿಯೇ ಕ್ವಾರ್ಟರ್‌ಬ್ಯಾಕ್. ಕಾಲೇಜಿನಲ್ಲಿ ಮೆರೆದವನು ವೃತ್ತಿಪರರ ನಡುವೆ ನಿಲ್ಲುತ್ತಾನೋ ಇಲ್ಲವೋ ಎಂದು ಮೊದಲೇ ಹೇಳುವುದು, ಮದುವೆಯ ದಿನ ಮದುಮಗನ ಮುಖ ನೋಡಿ ಇವನು ಐವತ್ತನೇ ವಯಸ್ಸಿನಲ್ಲಿ ಎಷ್ಟು ಗೊರಕೆ ಹೊಡೆಯುತ್ತಾನೆ ಎಂದು ಹೇಳಿದ ಹಾಗೆ. ವೆಂಡೆಲ್ ಅದನ್ನು ಯಾವ ಅಳುಕೂ ಇಲ್ಲದೆ ಹೇಳುತ್ತಿದ್ದ.

ಈ ವರ್ಷ ಇಬ್ಬರ ಹೆಸರು ಉಳಿದಿತ್ತು. ಒಬ್ಬ ಟ್ರೆವರ್ ಆಶ್‌ಬ್ರಿಜ್. ಆರಡಿ ಐದಂಗುಲ, ಹಲ್ಲಿನ ಪುಡಿಯ ಜಾಹೀರಾತಿನಿಂದ ಇಳಿದು ಬಂದಂತಿದ್ದ. ಇನ್ನೊಬ್ಬ ಅಮೋಸ್ ಲುಂಡಿ; ಮೊಂಟಾನಾದ ಯಾರೂ ಕೇಳದ ಕಾಲೇಜಿನವನು, ಗಿಡ್ಡ, ಮಾತು ಕಡಿಮೆ. ವೆಂಡೆಲ್ ಹಿಮದಲ್ಲಿ ಒಂಬತ್ತು ಗಂಟೆ ಕಾರು ಓಡಿಸಿಕೊಂಡು ಹೋಗಿ ಲುಂಡಿಯ ಆಟ ನೋಡಿ ಬಂದಿದ್ದ. ಬಂದ ದಿನದಿಂದ ಊಟಕ್ಕೆ ಕೂತರೆ ಲುಂಡಿ, ಎದ್ದರೆ ಲುಂಡಿ. ಅವನ ಹೆಂಡತಿ ಲೊರೇನ್ ಒಂದು ದಿನ ಸೌಟು ಕೆಳಗಿಟ್ಟು, "ಆ ಹುಡುಗನ್ನ ದತ್ತು ತಗೊಳ್ಳೋಣ ಬಿಡಿ, ಇಬ್ಬರಿಗೂ ಸಮಾಧಾನ ಆಗುತ್ತೆ" ಎಂದಿದ್ದಳು.

ಆ ಬೆಳಿಗ್ಗೆ ಅವನು ಪ್ರಿಂಟರಿಗೆ ಕಳಿಸಿದ್ದು ಲುಂಡಿಯನ್ನು ಹಾಡಿ ಹೊಗಳಿದ ನಾಲ್ಕು ಪುಟದ ವರದಿ. ಹನ್ನೆರಡು ಗಂಟೆಯೊಳಗೆ ಅದು ಜನರಲ್ ಮ್ಯಾನೇಜರ್ ರಾಯ್ಸ್ ಗ್ಯಾರಿಟಿಯ ಮೇಜಿನ ಮೇಲಿರಬೇಕಿತ್ತು. ನಾಲ್ಕು ಪುಟ ಬಂದವು, ಆಮೇಲೆ ಯಂತ್ರ ಕರಕರ ಎಂದು ನಿಂತಿತು. ವೆಂಡೆಲ್ ಮುಚ್ಚಳ ತೆಗೆದು ಒಳಗೆ ಕೈಹಾಕಿ ಮುದುಡಿದ ಹಾಳೆಯೊಂದನ್ನು ಎಳೆದ. ಅದು ಅವನದಲ್ಲ. ಆದರೆ ಮೇಲೆ ಅವನ ಹೆಸರಿತ್ತು.

'ಟಟಲ್ ಪಟ್ಟಿ. ಗೋಪ್ಯ.'

ಕೆಳಗೆ ಹತ್ತೊಂಬತ್ತು ವರ್ಷಗಳಲ್ಲಿ ಅವನು ತೂಗಿ ನೋಡಿದ ಇಪ್ಪತ್ಮೂರು ಕ್ವಾರ್ಟರ್‌ಬ್ಯಾಕ್‌ಗಳ ಹೆಸರು. ಪಕ್ಕದಲ್ಲಿ ಅವನು ಹೇಳಿದ್ದೇನು, ಆಮೇಲೆ ಆದದ್ದೇನು. ಇವನು ಚಿನ್ನ ಎಂದವರು ಈಗ ಕಾರು ಮಾರುತ್ತಿದ್ದರು. ಇವನು ಕಸ ಎಂದವರ ಬೆರಳಿನಲ್ಲಿ ಪ್ರಶಸ್ತಿ ಗೆದ್ದ ತಂಡದವರಿಗೆ ಕೊಡುವ ಚಾಂಪಿಯನ್ ಉಂಗುರ. ಇಪ್ಪತ್ಮೂರು ಸಾಲಿಗೂ ಕೆಂಪು ಬಣ್ಣ ಬಳಿದಿತ್ತು. ಕೊನೆಯಲ್ಲಿ ರಾಯ್ಸ್‌ನ ಷರಾ: 'ಇಪ್ಪತ್ಮೂರಕ್ಕೆ ಇಪ್ಪತ್ಮೂರೂ ತಪ್ಪು. ಇಷ್ಟು ನಂಬಬಹುದಾದ ಸಾಧನ ಬೇರೆ ಯಾವ ತಂಡದ ಹತ್ತಿರವೂ ಇಲ್ಲ. ಇವನು ಬೇಡ ಎಂದವನನ್ನು ತೆಗೆದುಕೊಳ್ಳುವುದು. ಇವನನ್ನು ಯಾವ ಕಾರಣಕ್ಕೂ ಕೆಲಸದಿಂದ ತೆಗೆಯಕೂಡದು.'

ವೆಂಡೆಲ್ ಹಾಳೆ ಹಿಡಿದುಕೊಂಡು ರಾಯ್ಸ್‌ನ ಕಾರ್ಯದರ್ಶಿ ಡಾಟಿಯ ಹತ್ತಿರ ಹೋದ. ಡಾಟಿ ಆ ಕಟ್ಟಡಕ್ಕಿಂತ ಹಳಬಳು. ಕನ್ನಡಕದ ಮೇಲಿಂದ ಹಾಳೆ ನೋಡಿದಳು.

"ಹೊಸದು ಬಂತಾ? ಹೋದ ವರ್ಷದ್ದರಲ್ಲಿ ಅಕ್ಷರ ತುಂಬ ಸಣ್ಣದಿತ್ತು."

"ಡಾಟಿ, ಇದು ನಿಮಗೆ ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತಲ್ಲಪ್ಪ." ಆಗ ಅವಳು ಅವನ ಮುಖ ನೋಡಿದಳು. "ನಿನಗೆ ಗೊತ್ತಿಲ್ಲ ಅನ್ನೋದು ಮಾತ್ರ ನನಗೆ ಗೊತ್ತಿರಲಿಲ್ಲ."

"ಪ್ರತಿ ವರ್ಷ ರಾಯ್ಸ್ ನನ್ನ ಭುಜ ತಟ್ಟಿ, ನೀನಿಲ್ದೆ ಈ ತಂಡ ಇಲ್ಲ ಅಂತಿದ್ರು."

"ಸುಳ್ಳೇನು ಹೇಳಿಲ್ಲ ಬಿಡು. ಕೂತ್ಕೋ, ಕಾಫಿ ಕೊಡ್ಲಾ?"

ವೆಂಡೆಲ್ ಕಾಫಿ ಕುಡಿಯಲಿಲ್ಲ. ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಇಷ್ಟು ವರ್ಷ ಅವನು ತಿಳಿದುಕೊಂಡಿದ್ದು, ರಾಯ್ಸ್ ದಡ್ಡ, ತನ್ನ ಮಾತು ಕೇಳುವುದಿಲ್ಲ, ಆದರೂ ಅದೃಷ್ಟ ಅವನ ಕೈಹಿಡಿಯುತ್ತದೆ ಎಂದು. ಆ ದಡ್ಡನ ಮೇಲೆ ಅವನಿಗೆ ಕನಿಕರ ಕೂಡ ಇತ್ತು. ಈಗ ನೋಡಿದರೆ ಅದೃಷ್ಟ ಬೇರೆ ಯಾರೂ ಅಲ್ಲ, ಇವನೇ.

ಅವಮಾನ ಹತ್ತು ನಿಮಿಷ ಸುಟ್ಟಿತು. ಆಮೇಲೆ ಅದಕ್ಕಿಂತ ದೊಡ್ಡ ಭಯ ಹಿಡಿಯಿತು. ಕೈಯಲ್ಲಿರುವ ವರದಿ ಮೇಲೆ ಹೋದರೆ ಲುಂಡಿಯ ಕತೆ ಮುಗಿದಂತೆ. ಇವನು ಹೊಗಳಿದ ಒಂದೇ ಕಾರಣಕ್ಕೆ ಬಾಯ್ಸಿ ಅವನನ್ನು ಮುಟ್ಟುವುದಿಲ್ಲ. ಹಳೆಯ ಇಪ್ಪತ್ಮೂರು ಜನರ ಮಾತು ಹೇಗೋ ಇರಲಿ, ಲುಂಡಿಯ ವಿಷಯದಲ್ಲಿ ವೆಂಡೆಲನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆ ಹುಡುಗ ಹಿಮದಲ್ಲಿ ನಿಂತು ಎಸೆದ ಚೆಂಡು ಇನ್ನೂ ಅವನ ಕಣ್ಣ ಮುಂದೆ ತೇಲುತ್ತಿತ್ತು.

ಆಗ ಅವನಿಗೆ ಉಪಾಯ ಹೊಳೆಯಿತು. ನಾಲ್ಕೂ ಪುಟಗಳನ್ನು ಚೂರು ಮಾಡುವ ಯಂತ್ರಕ್ಕೆ ತುರುಕಿದ. ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನೂ ಅಳಿಸಿದ. ಕೂತು ಹೊಸದಾಗಿ ಬರೆಯತೊಡಗಿದ.

'ಅಮೋಸ್ ಲುಂಡಿ: ಬೇಡ. ಒತ್ತಡ ಬಿದ್ದಾಗ ಕಣ್ಣು ನೆಲ ನೋಡುತ್ತದೆ. ಬಲಗಡೆಗೆ ಎಸೆಯುವುದು ಮೊದಲೇ ಎದುರಾಳಿಗೆ ತಿಳಿದುಹೋಗುತ್ತದೆ. ಸಣ್ಣ ಊರಿನಲ್ಲಿ ನಡೆಯಿತು, ಇಲ್ಲಿ ನಡೆಯದು.' ಒಂದೊಂದು ವಾಕ್ಯವನ್ನೂ ಎರಡೆರಡು ಸಲ ಅಳಿಸಿ ಬರೆದ. ಆಶ್‌ಬ್ರಿಜ್‌ನನ್ನು ಹೊಗಳುವುದು ಇನ್ನೂ ಕಷ್ಟವಾಯಿತು; ಎಷ್ಟು ಯೋಚಿಸಿದರೂ ಹಲ್ಲಿನ ವಿಷಯವೇ ಬಾಯಿಗೆ ಬರುತ್ತಿತ್ತು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಕ್ಲೈಡ್ ಬಂದ. ಕ್ಲೈಡ್ ಅಳತೆಯವನು. ಹುಡುಗರ ಅಂಗೈ, ತೋಳು, ಕತ್ತು, ಎಲ್ಲವನ್ನೂ ಟೇಪು ಹಿಡಿದು ಅಳೆಯುವುದೇ ಅವನ ಜೀವನ. ಅಂಗೈ ಒಂಬತ್ತೂವರೆ ಅಂಗುಲ ಇದ್ದರೆ ಅವನು ಕೊಲೆಗಾರನನ್ನಾದರೂ ತಂಡಕ್ಕೆ ಸೇರಿಸಿಕೊಳ್ಳುವವನು.

"ಲುಂಡಿ ಕೈ ಎಂಟೂಮುಕ್ಕಾಲು ಕಣೋ. ಅದು ಕೈಯಲ್ಲ, ಚಮಚ," ಎನ್ನುತ್ತ ಕ್ಲೈಡ್ ಪರದೆಯ ಮೇಲೆ ಕಣ್ಣಾಡಿಸಿದ. "ಏನಯ್ಯಾ ಇದು? ಸೋಮವಾರ ನೀನೇ ಅಲ್ವಾ, ಲುಂಡಿ ಅಂದ್ರೆ ದೇವರು ಕಳಿಸಿದ ಹುಡುಗ ಅಂದಿದ್ದು?"

ವೆಂಡೆಲ್ ಪರದೆಗೆ ಅಡ್ಡ ಬಾಗಿದ. "ಸೋಮವಾರ ನನಗೆ ಜ್ವರ ಇತ್ತು."

"ಜ್ವರ ಬಂದಾಗ ಹೊಗಳ್ತೀಯಾ?"

"ಔಷಧಿ ಹಾಗಿತ್ತು."

ಕ್ಲೈಡ್ ನಂಬಿದ. ತನ್ನ ಅಳತೆಗೆ ಒಪ್ಪುವ ಯಾವ ಮಾತನ್ನಾದರೂ ಅವನು ನಂಬುತ್ತಿದ್ದ. ನಂಬಿದ್ದಲ್ಲದೆ, ಅಳತೆಯ ಹುರುಪಿನಲ್ಲಿ ಆ ಪಟ್ಟಿಯ ನೆನಪೂ ಇಲ್ಲದೆ, ವರದಿಯಲ್ಲಿ ಅಂಗೈ ವಿಷಯ ಸೇರಿಸುವ ತನಕ ಕುರ್ಚಿ ಬಿಟ್ಟು ಏಳಲಿಲ್ಲ.

ಸಂಜೆ ನಾಲ್ಕಕ್ಕೆ ಎಲ್ಲರೂ ದೊಡ್ಡ ಕೋಣೆಯಲ್ಲಿ ಸೇರಿದರು. ಆರು ಗಂಟೆಗೆ ಆಯ್ಕೆ ಶುರು, ಬಾಯ್ಸಿಯ ಸರದಿ ಆರನೆಯದು. ಫಿಂಗರ್ ಸ್ಟೇಕ್ ಎಂಬ ಕರಿದ ದನದ ಮಾಂಸದ ತುಂಡುಗಳ ತಟ್ಟೆಗಳ ಹಿಂದೆ ತಂಡದ ಒಡತಿ ಮಿಸೆಸ್ ಹಾಲ್ವರ್ಸನ್ ಕೂತಿದ್ದರು. ಗಂಡ ಆಲೂಗಡ್ಡೆ ಚಿಪ್ಸ್ ಮಾಡಿ ಕಟ್ಟಿದ ಸಾಮ್ರಾಜ್ಯ ಅದು. ತಂಡ ಅದರ ಜೊತೆಗೆ ಬಂದ ಉಪ್ಪು.

ರಾಯ್ಸ್ ವರದಿ ಓದಿದ. ಓದುತ್ತ ಓದುತ್ತ ಅವನ ಮುಖ ಹಬ್ಬದ ಬೆಳಗಿನ ಹಾಗೆ ಅರಳಿತು. "ವೆಂಡೆಲ್, ಎದೆ ಮುಟ್ಕೊಂಡು ಹೇಳು. ಲುಂಡಿ ಖಂಡಿತ ಬೇಡ್ವಾ?"

"ಖಂಡಿತ ಬೇಡ."

"ಒಂಚೂರೂ ಆಸೆ ಇಲ್ವಾ?"

ವೆಂಡೆಲ್ ಕಣ್ಣು ಮುಚ್ಚಿಕೊಂಡು ಹೇಳಿದ, "ಆ ಹುಡುಗ ಈ ಆಟಕ್ಕೆ ಅವಮಾನ."

ಕೋಣೆಯಲ್ಲಿ ಸಂತೋಷದ ಗಾಳಿ ಸುಳಿಯಿತು. ಒಬ್ಬರು ಇನ್ನೊಬ್ಬರ ಮೊಣಕೈ ತಿವಿದರು. ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಪಟ್ಟಿಯ ವಿಷಯ ಗೊತ್ತಿಲ್ಲದವರು ಆ ಕೋಣೆಯಲ್ಲಿ ಒಬ್ಬರಿದ್ದರು. ಮಿಸೆಸ್ ಹಾಲ್ವರ್ಸನ್ ಕೈಯೊರೆಸಿಕೊಂಡು ಬಾಯಿ ತೆರೆದರು.

"ರಾಯ್ಸ್, ನಾನು ಇಷ್ಟು ವರ್ಷ ಗಮನಿಸ್ತಾ ಇದ್ದೀನಿ. ಈ ಮನುಷ್ಯ ಕಷ್ಟಪಟ್ಟು ಊರೂರು ಸುತ್ತಿ ಬರ್ತಾರೆ, ನೀವು ಅವರು ಹೇಳಿದ್ದಕ್ಕೆ ಉಲ್ಟಾನೇ ಮಾಡ್ತೀರಿ. ಇದು ಮರ್ಯಾದೆಯಲ್ಲ. ಈ ಸಲ ಮಿಸ್ಟರ್ ಟಟಲ್ ಹೇಳಿದ ಹಾಗೇ ಆಗಲಿ. ಆಶ್‌ಬ್ರಿಜ್‌ನ ತಗೊಳ್ಳಿ."

ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರು ವೆಂಡೆಲನ ಪರ ನಿಂತಿದ್ದರು, ಅದೂ ಇವತ್ತು. ಆ ತಾಯಿಗೆ ಕೈ ಮುಗಿಯಬೇಕೋ ಅವರ ಬಾಯಿ ಮುಚ್ಚಬೇಕೋ ಅವನಿಗೆ ತಿಳಿಯಲಿಲ್ಲ.

"ಮೇಡಂ, ನನ್ನ ಮಾತಿಗೆ ಅಷ್ಟು ಬೆಲೆ ಕೊಡೋದು ಬೇಡ," ಎಂದ ಮೆಲ್ಲಗೆ.

"ನೋಡಿ, ಎಷ್ಟು ವಿನಯ," ಎಂದರು ಮಿಸೆಸ್ ಹಾಲ್ವರ್ಸನ್ ಎಲ್ಲರತ್ತ ತಿರುಗಿ. "ಇನ್ನು ಮಾತಿಲ್ಲ."

ರಾಯ್ಸ್ ಬೆವರಿದ. "ವೆಂಡೆಲ್, ಕೆಳಗೆ ಹೋಗಿ ಸ್ವಲ್ಪ ಸಾಸ್ ತಗೊಂಡು ಬರ್ತೀಯಾ?"

ಮೇಜಿನ ಮೇಲೆ ಸಾಸಿನ ಬಾಟಲಿಗಳು ಐದಿದ್ದವು. ವೆಂಡೆಲ್ ಅವನ್ನು ನೋಡದವನಂತೆ ಎದ್ದ. ಮೆಟ್ಟಿಲ ಮೇಲೆ ಕಾಲು ಗಂಟೆ ನಿಂತು ವಾಪಸ್ಸು ಬಂದಾಗ ಆ 'ಟಟಲ್ ಪಟ್ಟಿ' ಮಿಸೆಸ್ ಹಾಲ್ವರ್ಸನ್‌ರ ಚೀಲದೊಳಗೆ ಹೋಗುತ್ತಿತ್ತು. ಅವರು ವೆಂಡೆಲನನ್ನು, ಪಶುವೈದ್ಯರ ಬಾಗಿಲಲ್ಲಿ ಕೂತ ಮುದಿ ನಾಯಿಯನ್ನು ನೋಡುವಂತೆ ನೋಡಿದರು. "ಕೂತ್ಕೊಳ್ಳಿ, ಮಿಸ್ಟರ್ ಟಟಲ್. ಏನಾದರೂ ತಿನ್ನಿ," ಎಂದರು.

ಆರೂಮುಕ್ಕಾಲಿಗೆ ಬಾಯ್ಸಿಯ ಸರದಿ ಬಂತು. ರಾಯ್ಸ್ ಫೋನಿನಲ್ಲಿ ಅಮೋಸ್ ಲುಂಡಿಯ ಹೆಸರು ಹೇಳಿದ. ಎರಡು ನಿಮಿಷದಲ್ಲಿ ಟಿವಿಯಲ್ಲಿ ಆ ಗಿಡ್ಡ ಹುಡುಗ ಅಮ್ಮನ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದ. ಕ್ಲೈಡ್ ಮೇಜಿಗೆ ತಲೆ ಚಚ್ಚಿಕೊಂಡ. ವೆಂಡೆಲ್ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಹತ್ತೊಂಬತ್ತು ವರ್ಷದ ನಂತರ ತಾನು ಬಯಸಿದ ಹುಡುಗ ತನ್ನ ತಂಡಕ್ಕೆ ಬಂದನೆಂದು ಕನ್ನಡಿಯ ಮುಂದೆ ಒಬ್ಬನೇ ನಕ್ಕ. ಏಳು ಗಂಟೆಗೆ ಆಶ್‌ಬ್ರಿಜ್ ಟಕೋಮಾ ತಂಡದ ಪಾಲಾದ.

ಸೆಪ್ಟೆಂಬರಿನಲ್ಲಿ ಆಟಗಳು ಶುರುವಾದವು. ಲುಂಡಿ ಮೊದಲ ಆಟದಲ್ಲಿ ಚೆಂಡನ್ನು ನಾಲ್ಕು ಸಲ ಎದುರಾಳಿಗಳ ಕೈಗೆ ಎಸೆದ. ಎರಡನೆಯದರಲ್ಲಿ ಐದು ಸಲ. ಒತ್ತಡ ಬಿದ್ದಾಗ ಅವನ ಕಣ್ಣು ನಿಜವಾಗಿಯೂ ನೆಲ ನೋಡುತ್ತಿತ್ತು. ಬಲಗಡೆಗೆ ಎಸೆಯುವುದು ಎದುರಾಳಿಗಷ್ಟೇ ಅಲ್ಲ, ಪಾಪ್‌ಕಾರ್ನ್ ಮಾರುವವರಿಗೂ ಮೊದಲೇ ತಿಳಿಯುತ್ತಿತ್ತು. ಅಕ್ಟೋಬರಿನ ಹೊತ್ತಿಗೆ ಹುಡುಗ ಬೆಂಚಿನ ಮೇಲೆ ಟವೆಲ್ ಹೊದ್ದು ಕೂತಿದ್ದ. ಆಶ್‌ಬ್ರಿಜ್ ಟಕೋಮಾದ ತಂಡವನ್ನು ಹೊತ್ತುಕೊಂಡು ಹೋಗುತ್ತಿದ್ದ. ಮನೆಯ ಸೋಫಾದಲ್ಲಿ ಕೂತು ನೋಡುತ್ತಿದ್ದ ವೆಂಡೆಲನಿಗೆ ಸತ್ಯ ಒಂದೊಂದೇ ಭಾನುವಾರ ಮನಸ್ಸಿಗೆ ಇಳಿಯಿತು: ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕು.

ಡಿಸೆಂಬರಿನಲ್ಲಿ ಯಾರೋ ಅವನ ವರದಿಯನ್ನು ಪತ್ರಿಕೆಗೆ ಕೊಟ್ಟರು. ದಪ್ಪಕ್ಷರದಲ್ಲಿ ಬಂತು: 'ಲುಂಡಿ ಬೇಡವೆಂದಿದ್ದರು ಒಬ್ಬರೇ. ಕೇಳಿದವರಿಲ್ಲ.' ಚರ್ಚಿನಲ್ಲಿ ಜನ ಬಂದು ಕೈಕುಲುಕಿದರು. ಲೊರೇನ್ ಆ ಪುಟ ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿದಳು. ವೆಂಡೆಲ್ ಹಾಲು ತೆಗೆಯುವಾಗಲೆಲ್ಲ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದ.

ಜನವರಿಯಲ್ಲಿ ರಾಯ್ಸ್ ಕರೆಸಿದ. ಮೇಜಿನ ಮೇಲೆ ಏಪ್ರಿಲ್ ವರದಿಯಿತ್ತು.

"ಅಕ್ಷರಕ್ಕಕ್ಷರ ನಿಜ ಬರೆದಿದ್ದೀಯ," ಎಂದ ರಾಯ್ಸ್. ಅವನ ದನಿ ಸಾವಿನ ಮನೆಯಲ್ಲಿ ಮಾತಾಡುವಷ್ಟು ಮೆತ್ತಗಿತ್ತು. "ಹತ್ತೊಂಬತ್ತು ವರ್ಷ ಒಂದು ಸಲಾನೂ ಕೈಕೊಟ್ಟಿರಲಿಲ್ಲ ನೀನು. ಪಟ್ಟಿ ನೀನೂ ನೋಡಿದ್ದೀಯ ಅಂತ ಡಾಟಿ ಹೇಳಿದಳು, ಅದಕ್ಕೆ ಮುಚ್ಚುಮರೆ ಇಲ್ದೆ ಮಾತಾಡ್ತೀನಿ. ತಪ್ಪು ಹೇಳೋನು ಬೇಕಿತ್ತು ನಮಗೆ. ಸರಿ ಹೇಳೋಕೆ ಕಂಪ್ಯೂಟರ್ ಇದೆ. ಒಂದು ಸಲ ಸರಿ, ಒಂದು ಸಲ ತಪ್ಪು ಅಂದ್ರೆ ನಿನ್ನನ್ನ ಇಟ್ಕೊಂಡು ನಾನೇನು ಮಾಡ್ಲಿ?"

ವೆಂಡೆಲ್ ವರದಿಯನ್ನು ತನ್ನತ್ತ ಎಳೆದುಕೊಂಡ. "ನನ್ನ ತೆಗೀತಾ ಇದ್ದೀರಾ? ಸರಿ ಹೇಳಿದ್ದಕ್ಕೆ?"

"ನನಗೂ ಬೇಜಾರೇ."

"ರಾಯ್ಸ್, ನಾನು ಸರಿ ಹೇಳೇ ಇಲ್ಲ." ವೆಂಡೆಲ್ ಕುರ್ಚಿಯ ತುದಿಗೆ ಸರಿದ. "ನನಗೆ ಬೇಕಾಗಿದ್ದಿದ್ದೇ ಲುಂಡಿ. ಪಟ್ಟಿ ನೋಡಿ, ನೀವು ಅವನನ್ನ ತಗೊಳ್ಳಲಿ ಅಂತ ಬೇಕಂತಲೇ ಕೆಟ್ಟದಾಗಿ ಬರೆದೆ. ಈ ಸಲಾನೂ ನಾನು ತಪ್ಪೇ. ಆಣೆ ಮಾಡಿ ಹೇಳ್ತೀನಿ, ಪೂರ್ತಿ ತಪ್ಪು."

ರಾಯ್ಸ್ ತಲೆಯೆತ್ತಿದ. ಅವನ ಕಣ್ಣಿನಲ್ಲಿ ಸಣ್ಣ ಆಸೆ ಮಿನುಗಿತು. "ಸಾಕ್ಷಿ ಏನಿದೆ? ಮೊದಲನೇ ವರದಿ ಇದ್ಯಾ?"

"ಚೂರು ಮಾಡಿಬಿಟ್ಟೆ."

"ಸೋಮವಾರ ನೀನು ಹೊಗಳಿದ್ದು ಜ್ವರದಲ್ಲಿ ಅಂತ ಕ್ಲೈಡ್ ಹೇಳಿದ್ದ, ಅದು ಲೆಕ್ಕಕ್ಕಿಲ್ಲ. ಬೇರೆ ಯಾರಿಗೆ ಗೊತ್ತು?"

"ನನ್ನ ಹೆಂಡತಿಗೆ. ದಿನಾ ರಾತ್ರಿ ಊಟಕ್ಕೆ ಕೂತಾಗ ಅವನ ಗುಣಗಾನ ಮಾಡಿ ಅವಳ ತಲೆ ತಿಂದಿದ್ದೀನಿ. ಅವಳನ್ನೇ ಕೇಳಿ."

ರಾಯ್ಸ್ ಫೋನು ಹಚ್ಚಿ ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. "ಲೊರೇನ್, ರಾಯ್ಸ್ ಮಾತಾಡ್ತಿರೋದು. ವೆಂಡೆಲ್ ಇಲ್ಲೇ ಇದ್ದಾನೆ. ಅವನ ಕೆಲಸಕ್ಕೆ ಸಂಬಂಧಪಟ್ಟ ಮಾತು, ಅದಕ್ಕೇ ಕೇಳ್ತಿದ್ದೀನಿ. ಹೋದ ವಸಂತದಲ್ಲಿ ಮನೇಲಿ ಲುಂಡಿ ಬಗ್ಗೆ ಅವನು ಏನು ಹೇಳ್ತಿದ್ದ?"

ಆ ಕಡೆ ಫ್ರಿಜ್ಜಿನ ಬಾಗಿಲು ಮುಚ್ಚಿದ ಸದ್ದು ಕೇಳಿತು.

"ಇದ್ದದ್ದು ಇದ್ದ ಹಾಗೆ ಹೇಳು ಲೊರೇನ್," ಎಂದ ವೆಂಡೆಲ್. ಅವನು ಫೋನಿನ ಮೇಲೆ ಬಾಗಿ ಅಂಗಲಾಚುತ್ತಿದ್ದ.

ಗಂಡನ ಆ ದನಿ ಲೊರೇನಳಿಗೆ ತಿಳಿಯದ್ದಲ್ಲ. ಅವನನ್ನು ಯಾರೋ ಮೂಲೆಗೆ ಒತ್ತಿದ್ದಾರೆ, ಪತ್ರಿಕೆಯಲ್ಲಿ ಬಂದ ಹೆಸರನ್ನೂ ಕಿತ್ತುಕೊಳ್ಳಲು ಹೊರಟಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು.

"ಇದ್ದದ್ದೇ ಹೇಳ್ತೀನಿ, ಮಿಸ್ಟರ್ ಗ್ಯಾರಿಟಿ," ಎಂದಳು, ಒಂದೊಂದೇ ಮಾತನ್ನು ಗಟ್ಟಿಯಾಗಿ. "ನಮ್ಮ ಯಜಮಾನರು ಮೊದಲ ದಿನದಿಂದ ಹೇಳ್ತಾನೇ ಇದ್ರು, ಆ ಹುಡುಗನ ಕೈಲಿ ಆಗಲ್ಲ, ಆಗಲ್ಲ ಅಂತ. ಆಶ್‌ಬ್ರಿಜ್, ಆಶ್‌ಬ್ರಿಜ್ ಅಂತ ನಿದ್ದೇಲೂ ಕನವರಿಸ್ತಿದ್ರು. ನೀವೇ ಅವರ ಮಾತು ಕೇಳಲಿಲ್ಲ."

ಮೂವತ್ತೊಂದು ವರ್ಷದ ಸಂಸಾರದಲ್ಲಿ ಫುಟ್‌ಬಾಲಿನ ವಿಷಯಕ್ಕೆ ಅವಳು ಗಂಡನ ಪರ ವಹಿಸಿ ಮಾತಾಡಿದ್ದು ಅದೇ ಮೊದಲು.

ರಾಯ್ಸ್ ಫೋನು ಇಟ್ಟು ಎದ್ದು ನಿಂತು ಕೈ ಚಾಚಿದ. "ಒಳ್ಳೆ ಹೆಂಡತಿ ಸಿಕ್ಕಿದ್ದಾಳೆ ನಿನಗೆ," ಎಂದ. "ನಿನ್ನ ಸಾಮಾನು ಸಂಜೆಯೊಳಗೆ ತಗೊಂಡು ಹೋದ್ರೆ ಸಾಕು."