ಎಂಜಿನ್ನಿನ ಎಡಗೆನ್ನೆ

ಗಂಡ ಕುಡಿದರೆ ಏನು ಮಾಡಬೇಕೆಂದು ಹೇಳಿಕೊಡಲು ನಮ್ಮ ಓಣಿಯಲ್ಲೇ ಹತ್ತು ಜನ ಹೆಂಗಸರಿದ್ದಾರೆ. ಇಸ್ಪೀಟಾಡುವವನಿಗೂ ಏನಾದರೊಂದು ಉಪಾಯವಿದೆ, ಹರಕೆಯನ್ನಾದರೂ ಹೊರಬಹುದು. ಆದರೆ ಅರವತ್ತು ಮುಟ್ಟಿದ ಗಂಡ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ತಗಡು ಕತ್ತರಿಸಿ ಒಂದು ಮೊಳದ ರೈಲು ಎಂಜಿನ್ ಮಾಡುತ್ತಿದ್ದರೆ ಯಾವ ದೇವರಿಗೆ ಹೇಳುವುದು? ದೇವರಿಗೆ ಅರ್ಥವಾಗುವ ಹಾಗೆ ಹೇಳಬೇಕಾದರೆ ಮೊದಲು ನನಗೆ ಅರ್ಥವಾಗಬೇಕಲ್ಲ.

ನಮ್ಮ ಯಜಮಾನರು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಎಂಜಿನ್ ಡ್ರೈವರ್ ಆಗಿದ್ದರು. ಡ್ರೈವರ್ ಎಂದರೆ ಬೆಂಗಳೂರಿಗೆ ರೈಲು ಓಡಿಸಿದವರೆಂದು ತಿಳಿಯಬೇಡಿ. ಕಾಂಪೌಂಡಿನ ಒಳಗೇ ಅದಿರು ಎಳೆಯುತ್ತಿದ್ದ ಒಂದು ಮೋಟು ಎಂಜಿನ್. ಈ ತುದಿಯಿಂದ ಆ ತುದಿಗೆ ಅರ್ಧ ಮೈಲಿ. ಹೋಗುವಾಗ ಮುಂದಕ್ಕೆ, ಬರುವಾಗ ಹಿಂದಕ್ಕೆ. ಇಪ್ಪತ್ತಾರು ವರ್ಷ ಓಡಿಸಿಯೂ ಯಾವ ಊರಿಗೂ ಹೋಗಿ ಮುಟ್ಟದ ಮನುಷ್ಯ ಇವರೊಬ್ಬರೇ ಇರಬೇಕು.

ಕೆಲಸ ಮುಗಿದು ನಾವು ಶಿವಮೊಗ್ಗಕ್ಕೆ, ಮಗನ ಮನೆಗೆ ಬಂದೆವು. ಬಂದ ವರ್ಷವೇ ಹುಚ್ಚು ಹತ್ತಿತು. ಹೊಳೆಹೊನ್ನೂರಿನ ನನ್ನ ತಮ್ಮನ ಪಕ್ಕದ ಜಮೀನಿನವರು ಹೊಸದಾಗಿ ಟ್ರ್ಯಾಕ್ಟರ್ ತಂದಿದ್ದರು. ಅದಕ್ಕೊಂದು ಉದ್ದನೆಯ ಬೆಲ್ಟ್ ಹಾಕಿ ಕಬ್ಬಿನ ಗಾಣ ತಿರುಗಿಸುತ್ತಿದ್ದರು. ಊರವರೆಲ್ಲ ನೋಡಿ, ಒಂದು ಲೋಟ ಕಬ್ಬಿನ ಹಾಲು ಕುಡಿದು ಮನೆಗೆ ಹೋದರು. ಇವರು ಮಾತ್ರ ಟೇಪು ಹಿಡಿದು ಟ್ರ್ಯಾಕ್ಟರಿನ ಅಡಿಗೆ ತೂರಿದರು. ಎರಡು ಪಾದ ಬಿಟ್ಟರೆ ಬೇರೇನೂ ಕಾಣದೆ ನನ್ನ ತಮ್ಮನ ಹೆಂಡತಿ ಬಾಯಿ ಬಡಿದುಕೊಂಡಳು. ಆಮೇಲೆ ಎಂಟು ತಿಂಗಳು ಕೂತು ಆ ಟ್ರ್ಯಾಕ್ಟರನ್ನೂ ಗಾಣವನ್ನೂ ಒಂದು ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಪುಟ್ಟದಾಗಿ ಮಾಡಿದರು. ಬೆಲ್ಟಿಗೆ ನನ್ನ ಚಪ್ಪಲಿಯ ಬಾರು ಹೋಯಿತು. ಮುಗಿದ ದಿನ ಅಂಗಳದಿಂದ ಒಂದು ಗರಿಕೆ ಕಿತ್ತು ತಂದು ಗಾಣಕ್ಕೆ ಕೊಟ್ಟು ತಿರುಗಿಸಿದರು. ಒಂದು ಹನಿ ಹಸಿರು ನೀರು ಬಂತು. ಅದನ್ನು ಬೆರಳ ತುದಿಯಲ್ಲಿ ಹಿಡಿದು ಮನೆಯವರಿಗೆಲ್ಲ ತೋರಿಸಿದರು. ಎಂಟು ತಿಂಗಳಿಗೆ ಒಂದು ಹನಿ. ನಮ್ಮ ಸೊಸೆ, ಮಾವನವರ ಕೈಯಲ್ಲಿ ಎಂಥ ಕಲೆ ಇದೆ ಅತ್ತೆ ಎಂದಳು. ಅವಳಿಗೇನು, ಹರಿದದ್ದು ಅವಳ ಚಪ್ಪಲಿಯಲ್ಲ.

ಅದಾದ ಮೇಲೆ ತಾವು ಓಡಿಸಿದ ಆ ಮೋಟು ಎಂಜಿನ್ನನ್ನೇ ಹಿಡಿದರು. ಗಾಂಧಿ ಬಜಾರಿನಿಂದ ಬೆಸುಗೆಯ ಸೀಸ ಬಂತು, ಪಕ್ಕದ ಮನೆಯಿಂದ ಎಣ್ಣೆ ಡಬ್ಬದ ತಗಡು ಬಂತು, ನನ್ನ ಕೊಡೆಯ ಕಡ್ಡಿಗಳು ಚಕ್ರದ ಅರೆಗಳಾದವು. ಒಂದು ವಾರದಿಂದ ಒಲೆ ಊದುವಾಗ ಹೊಗೆ ನೇರ ಕಣ್ಣಿಗೇ ಬರುತ್ತಿದೆಯಲ್ಲ ಎಂದು ನೋಡಿದರೆ, ಊದುಗೊಳವೆ ನಾಲ್ಕು ಬೆರಳು ಗಿಡ್ಡವಾಗಿದೆ. ಆ ನಾಲ್ಕು ಬೆರಳು ಎಂಜಿನ್ನಿನ ತಲೆಯ ಮೇಲೆ ಚಿಮಣಿಯಾಗಿ ನಿಂತಿತ್ತು. ಕೇಳಿದ್ದಕ್ಕೆ, ನೀನು ಸ್ವಲ್ಪ ಬಗ್ಗಿ ಊದಿದರಾಯಿತು ಎಂದರು.

ಹೀಗೆ ಬಲಗಡೆಯೆಲ್ಲ ಚೆನ್ನಾಗಿಯೇ ಬಂತು. ಹಿಡಿ, ಕೊಳವೆ, ಬೋಲ್ಟು ಒಂದನ್ನೂ ಬಿಡಲಿಲ್ಲ. ಎಡಗಡೆಗೆ ಬಂದಾಗ ಕೈ ನಿಂತಿತು. ಡ್ರೈವರ್ ನಿಲ್ಲುವುದು ಬಲಗಡೆ, ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಎಡಗಡೆ. ಆ ಬದಿಗೆ ಎಣ್ಣೆ ಹಾಕುವವನೂ ಅವನೇ. ಹೊರಗಿನಿಂದ ಆ ಕಡೆ ಹೇಗಿತ್ತೆಂದು ಇವರಿಗೆ ನೆನಪೇ ಇಲ್ಲ. ಹೋಗಿ ನೋಡೋಣವೆಂದರೆ ಎಂಜಿನ್ ಇಲ್ಲ. ಹಳೆಯದಾಯಿತೆಂದು ಹೋದ ವರ್ಷ ತುಂಡು ಮಾಡಿ, ಅದು ಯಾವ ಕುಲುಮೆಗೆ ಅದಿರು ಎಳೆಯುತ್ತಿತ್ತೋ ಅದಕ್ಕೇ ಹಾಕಿ ಕರಗಿಸಿದ್ದರು. ಫೋಟೋ ಒಂದೂ ಇಲ್ಲ. ಎಡಗಡೆ ಸರಿಯಾಗದೆ ಬಣ್ಣ ಹಚ್ಚುವುದಿಲ್ಲ, ಸುಳ್ಳು ಎಂಜಿನ್ ಮಾಡುವುದಕ್ಕಿಂತ ತಿಪ್ಪೆಗೆ ಎಸೆಯುವುದು ವಾಸಿ ಎಂದು ಪಟ್ಟು ಹಿಡಿದರು. ಊಟ ಅರ್ಧಕ್ಕೆ ಬಂತು.

"ಇಪ್ಪತ್ತಾರು ವರ್ಷ ಅದರೊಳಗೇ ಇದ್ದೆ ಕಣೇ. ಆ ಕಡೆ ಹೆಂಗಿತ್ತು ಅಂತ ಹೊಳೀತಿಲ್ಲ" ಎಂದರು ಒಂದು ದಿನ.

"ನನ್ನ ಜೊತೆ ನಲವತ್ತು ವರ್ಷದಿಂದ ಇದ್ದೀರಿ. ನನ್ನ ಎಡಗೆನ್ನೆ ಮೇಲೆ ಮಚ್ಚೆ ಇದೆಯೋ ಇಲ್ವೋ, ನೋಡದೆ ಹೇಳಿ."

ಸ್ವಲ್ಪ ಹೊತ್ತು ಯೋಚಿಸಿ, ಇದೆ ಎಂದರು. ಇಲ್ಲ.

ನಿಮಗೆ ಮಾತ್ರ ಒಂದು ವಿಷಯ ಹೇಳುತ್ತೇನೆ. ಎಡಗಡೆ ಹೇಗಿತ್ತೆಂದು ನನಗೆ ಗೊತ್ತಿತ್ತು. ಅಷ್ಟೂ ವರ್ಷ ಮಧ್ಯಾಹ್ನದ ಊಟ ಹೊತ್ತು ಕಾರ್ಖಾನೆಯ ಬೇಲಿಯವರೆಗೆ ಹೋದವಳು ನಾನು. ಎಂಜಿನ್ ಬಂದು ನಿಲ್ಲುತ್ತಿದ್ದದ್ದು ಎಡಬದಿಯನ್ನು ಬೇಲಿಗೆ ಕೊಟ್ಟು. ಇವರು ಬಲಗಡೆ ಇಳಿದು, ಸುತ್ತಿ ಬಂದು, ಎಂಜಿನ್ನಿಗೆ ಬೆನ್ನು ಹಾಕಿ ಕೂತು ಉಣ್ಣುತ್ತಿದ್ದರು. ಇವರ ಕಣ್ಣು ಸಾರಿನ ಮೇಲೆ. ಎದುರಿಗೆ ಕೂತ ನನಗೆ ಎಂಜಿನ್ನಿನ ಆ ಕರಿ ಕೆನ್ನೆ ಬಿಟ್ಟರೆ ನೋಡಲು ಇನ್ನೇನಿತ್ತು? ಆದರೂ ಬಾಯಿ ಬಿಡಲಿಲ್ಲ. ಹೇಳಿದರೆ ಇದು ಮುಗಿಯುತ್ತದೆ, ಮುಗಿದರೆ ಇನ್ನೊಂದು ಶುರುವಾಗುತ್ತದೆ. ನನ್ನ ಹತ್ತಿರ ಇನ್ನೊಂದು ಕೊಡೆ ಇರಲಿಲ್ಲ.

ಕಡೆಗೆ ಇವರು ಭದ್ರಾವತಿಗೆ ಹೋಗಿ ಹಳೆಯ ಫೈರ್‌ಮನ್ ಮುನಿಯಪ್ಪನನ್ನೇ ಕರೆತಂದರು. ಮುನಿಯಪ್ಪ ಒಂದು ಲೋಟ ಕಾಫಿ ಕುಡಿದು, ಹತ್ತಲು ಎರಡು ಮೆಟ್ಟಿಲಿದ್ದವು ಎಂದ. ಎರಡನೆಯ ಲೋಟ ಮುಗಿಯುವಾಗ ಮೂರಾದವು. ನಾನು ಒಂದು ಮಾತು ಅಂದೇ ಬಿಟ್ಟೆ, ದಿನಾ ಎಣ್ಣೆ ಹಾಕುತ್ತಿದ್ದವನಿಗೆ ಇಷ್ಟೂ ಗೊತ್ತಿಲ್ಲವೇನಪ್ಪ ಎಂದು.

"ಎಣ್ಣೆ ಹಾಕೋನು ಎಣ್ಣೆ ತೂತು ನೋಡ್ತಾನೆ ಅಕ್ಕ, ಎಂಜಿನ್ ಯಾಕೆ ನೋಡ್ತಾನೆ?" ಎಂದ ಮುನಿಯಪ್ಪ. ಎಂಜಿನ್ನಿನ ಎಡಬದಿಗಿದ್ದ ನೀರಿನ ಟ್ಯಾಂಕಿನ ಮೇಲೆ ಏನಾದರೂ ಇತ್ತೇ ಎಂದು ಇವರು ಕೇಳಿದ್ದಕ್ಕೆ, ಏನೂ ಇರಲಿಲ್ಲ, ಕನ್ನಡಿ ಥರ ನುಣ್ಣಗಿತ್ತು ಎಂದು ಆಣೆ ಮಾಡಿದ. ಇವರು ಅದನ್ನು ನಂಬಿ, ಮೂರು ಮೆಟ್ಟಿಲು ಬೆಸೆದು, ನುಣ್ಣನೆಯ ತಗಡಿಗೆ ಕರಿ ಬಣ್ಣ ಹಚ್ಚಲು ಕುಂಚ ಅದ್ದಿಯೇ ಬಿಟ್ಟರು.

ನನಗೆ ತಡೆಯಲಾಗಲಿಲ್ಲ.

"ಟ್ಯಾಂಕಿಗೆ ತೇಪೆ ಇತ್ತು. ಮೂರು ಮೂಲೆ ಚೌಕ, ಒಂದು ಮೂಲೆ ದುಂಡು. ಸುತ್ತ ಹತ್ತೊಂಬತ್ತು ರಿವೆಟ್ ಮೊಳೆ. ಮೆಟ್ಟಿಲು ಒಂದೇ, ಅದೂ ಎಲ್ಲೋ ತಾಗಿ ಹೊರಕ್ಕೆ ಬಾಗಿತ್ತು. ಕುಂಚ ಕೆಳಗಿಡಿ."

ಇಬ್ಬರೂ ನನ್ನನ್ನು ನೋಡಿದರು. "ಊಟ ತರ್ತಿದ್ರಿ ಅಂತ ಮಾಡಿದ್ವಿ ಅಕ್ಕ, ಇನ್‌ಸ್ಪೆಕ್ಷನ್‌ಗೆ ಬರ್ತಿದ್ರಾ?" ಎಂದ ಮುನಿಯಪ್ಪ. ಇವರು ಕುಂಚ ಒರೆಸಿಟ್ಟು, ಕಾಗದವನ್ನೂ ಪೆನ್ಸಿಲ್ಲನ್ನೂ ನನ್ನ ಮುಂದೆ ಇಟ್ಟರು. ಮೂರನೇ ಕ್ಲಾಸು ಬಿಟ್ಟ ಮೇಲೆ ನಾನು ಪೆನ್ಸಿಲ್ ಹಿಡಿದದ್ದು ಅವತ್ತೇ.

ಅದಾಗಿ ಮೂರು ವಾರವಾಯಿತು. ತೇಪೆಯನ್ನು ನಾಲ್ಕು ಸಲ ಕೀಳಿಸಿದ್ದೇನೆ. ಇವರು ರಿವೆಟ್‌ಗೆಂದು ಗುಂಡುಸೂಜಿಯ ತಲೆಗಳನ್ನು ಕತ್ತರಿಸಿ ಕೂರಿಸುತ್ತಾ, ಹದಿನೇಳೇ ಹಿಡಿಸೋದು, ಬಿಡು ಮಾರಾಯ್ತಿ, ಯಾರು ಎಣಿಸ್ತಾರೆ ಎಂದರು. ನಾನು ಎಣಿಸುತ್ತೇನೆ ಎಂದೆ. ನಿನ್ನೆ ಸೊಸೆಯನ್ನು ಹಿತ್ತಲಿಗೆ ಕರೆದು, ನಿಮ್ಮ ಅತ್ತೆಗೆ ತಲೆ ಕೆಟ್ಟಿದೆ, ಈ ವಯಸ್ಸಿನಲ್ಲಿ ಇದೇನು ತಗಡಿನ ಹುಚ್ಚು, ಸ್ವಲ್ಪ ಬುದ್ಧಿ ಹೇಳಮ್ಮ ಎಂದು ದೂರಿದರಂತೆ. ಹೇಳಿಕೊಳ್ಳಲಿ. ಮೆಟ್ಟಿಲು ಇನ್ನೂ ಒಂದು ಕೂದಲೆಳೆಯಷ್ಟು ಹೊರಗೆ ಬರಬೇಕು.